ಬೀಡುಕಬ್ಬಿಣದ ಬಿರುಕು ದುರಸ್ತಿ

ಬೀಡುಕಬ್ಬಿಣದ ಬಿರುಕು ದುರಸ್ತಿ ಎಂದರೆ ಬಿರುಕುಬಿಟ್ಟ ಅಥವಾ ಮುರಿದ ಬೀಡುಕಬ್ಬಿಣದ (ಎರಕದ ಕಬ್ಬಿಣ, ಕಾಸ್ಟ್ ಐರನ್) ಯಂತ್ರಭಾಗಗಳನ್ನು ಬೆಸುಗೆ ಅಥವಾ ಹಿತ್ತಾಳೆ ಬೆಸುಗೆಯಿಂದ ಜೋಡಿಸಿ ಮತ್ತೆ ಬಳಕೆಗೆ ತರುವ ಕ್ರಮ. ಎಂಜಿನ್ ಬ್ಲಾಕ್, ಸಿಲಿಂಡರ್ ಹೆಡ್, ಪಂಪಿನ ಹೊರಕವಚ, ಲೇತ್ ಯಂತ್ರದ ಹಾಸು, ಗೇರು ಪೆಟ್ಟಿಗೆ, ರಾಟೆ, ಹಳೆಯ ಹೊಲಿಗೆ ಯಂತ್ರದ ಕಾಲು ಮುಂತಾದವು ಈ ರೀತಿಯ ದುರಸ್ತಿಗೆ ಹೆಚ್ಚಾಗಿ ಬರುವ ವಸ್ತುಗಳು. ಇವುಗಳಲ್ಲಿ ಹಲವನ್ನು ತಯಾರಿಸಿದ ಕಾರ್ಖಾನೆಗಳು ಈಗ ಇರುವುದಿಲ್ಲ, ಎರಕದ ಅಚ್ಚುಗಳೂ ಉಳಿದಿರುವುದಿಲ್ಲ. ಅಂಥಲ್ಲಿ ಒಂದು ಬಿರುಕು ಇಡೀ ಯಂತ್ರದ ಅಳಿವು ಉಳಿವನ್ನು ನಿರ್ಧರಿಸುತ್ತದೆ.

ಉಕ್ಕನ್ನು ಬೆಸೆಯುವ ವಿಧಾನವನ್ನೇ ಬೀಡಿಗೂ ಅನ್ವಯಿಸಿದರೆ ಕೆಲಸ ಸಾಮಾನ್ಯವಾಗಿ ಕೆಡುತ್ತದೆ. ಬೆಸುಗೆ ಕಣ್ಣಿಗೆ ಚೆನ್ನಾಗಿಯೇ ಕಂಡರೂ ತಣಿಯುವ ಹೊತ್ತಿಗೆ ಅದರ ಪಕ್ಕದಲ್ಲೇ ಹೊಸ ಬಿರುಕು ಮೂಡಿರುತ್ತದೆ. ಇದರ ಕಾರಣ ಲೋಹದ ಒಳರಚನೆಯಲ್ಲಿದೆ.

ಲೋಹದ ಸ್ವಭಾವ

ಬೀಡು ಎಂಬುದು ಕಬ್ಬಿಣ, ಇಂಗಾಲ ಮತ್ತು ಸಿಲಿಕಾನ್‌ಗಳ ಮಿಶ್ರಲೋಹ. ಅದರಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇ. 2ರಿಂದ 4ರಷ್ಟು, ಸಿಲಿಕಾನ್ ಸುಮಾರು ಶೇ. 1ರಿಂದ 3ರಷ್ಟು ಇರುತ್ತದೆ. ಸಾಮಾನ್ಯ ಮೆದು ಉಕ್ಕಿನಲ್ಲಿ ಇಂಗಾಲ ಶೇ. 0.3ನ್ನೂ ಮೀರುವುದಿಲ್ಲ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಹೆಚ್ಚಿನ ಇಂಗಾಲದಿಂದಾಗಿ ಬೀಡು ಸುಮಾರು 1150ರಿಂದ 1200 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿ, ನೀರಿನಂತೆ ಹರಿದು, ಅಚ್ಚಿನ ಸಣ್ಣ ಮೂಲೆಗಳನ್ನೂ ತುಂಬುತ್ತದೆ. ಎರಕಕ್ಕೆ ಅನುಕೂಲವಾದ ಈ ಗುಣವೇ ಬೆಸುಗೆಗೆ ತೊಡಕಾಗಿದೆ.

ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಬೂದು ಬೀಡಿನಲ್ಲಿ ಇಂಗಾಲದ ಬಹುಭಾಗ ಗ್ರಾಫೈಟಿನ ತೆಳು ಹಾಳೆಗಳಾಗಿ ಹರಡಿಕೊಂಡಿರುತ್ತದೆ. ಗ್ರಾಫೈಟಿಗೆ ತನ್ನದೇ ಆದ ಬಲವಿಲ್ಲದ ಕಾರಣ ಪ್ರತಿಯೊಂದು ಹಾಳೆಯೂ ಲೋಹದೊಳಗಿನ ಒಂದು ಸಣ್ಣ ಸೀಳಿನಂತೆ ವರ್ತಿಸುತ್ತದೆ. ಆದ್ದರಿಂದ ಬೂದು ಬೀಡು ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಮೆದು ಉಕ್ಕು ತುಂಡಾಗುವ ಮುನ್ನ ತನ್ನ ಉದ್ದದ ಶೇ. 20ಕ್ಕಿಂತಲೂ ಹೆಚ್ಚು ಹಿಗ್ಗಬಲ್ಲದು. ಬೂದು ಬೀಡು ಶೇ. 1ರಷ್ಟೂ ಹಿಗ್ಗದೆ ಒಡೆಯುತ್ತದೆ.

ಬಿಳಿ ಬೀಡಿನಲ್ಲಿ ಇಂಗಾಲವು ಗ್ರಾಫೈಟಾಗದೆ ಕಬ್ಬಿಣದ ಕಾರ್ಬೈಡ್ ಆಗಿರುತ್ತದೆ. ಇದು ಗಾಜಿನಂತೆ ಗಟ್ಟಿ ಹಾಗೂ ಪೆಡಸು. ಬೆಸುಗೆಗೆ ಒಗ್ಗುವುದಿಲ್ಲವೆಂದೇ ಪರಿಗಣಿಸಲಾಗುತ್ತದೆ. ಬಿಳಿ ಬೀಡನ್ನು ದೀರ್ಘಕಾಲ ಕಾಯಿಸಿ ಹದಗೊಳಿಸಿದಾಗ ಬಡಿಬೀಡು ದೊರೆಯುತ್ತದೆ. ಪೈಪಿನ ಜೋಡಣೆಗಳಲ್ಲಿ ಇದನ್ನು ಕಾಣಬಹುದು. 1940ರ ದಶಕದಲ್ಲಿ ಬಳಕೆಗೆ ಬಂದ ತನ್ಯ ಬೀಡಿನಲ್ಲಿ ಮೆಗ್ನೀಸಿಯಮ್ ಸೇರಿಸಿ ಗ್ರಾಫೈಟನ್ನು ಹಾಳೆಗಳ ಬದಲು ಗುಂಡುಗಳಾಗಿ ರೂಪಿಸಲಾಗುತ್ತದೆ. ಇದು ಬೂದು ಬೀಡಿಗಿಂತ ಹೆಚ್ಚು ಬಾಗಬಲ್ಲದು.

ಬೆಸುಗೆಯ ಪಕ್ಕದಲ್ಲಿ ಬಿರುಕು ಮೂಡುವ ಬಗೆ

ಬೆಸುಗೆಯ ಉರಿ ತಾಗಿದಾಗ ಕರಗಿದ ಭಾಗಕ್ಕೆ ಹೊಂದಿಕೊಂಡಿರುವ ಲೋಹ ಕರಗದಿದ್ದರೂ ಕೆಂಪಗೆ ಕಾಯುತ್ತದೆ. ಆ ತಾಪದಲ್ಲಿ ಗ್ರಾಫೈಟಿನ ಇಂಗಾಲ ಕಬ್ಬಿಣದೊಳಗೆ ಲೀನವಾಗುತ್ತದೆ. ಸುತ್ತಲಿನ ತಣ್ಣನೆಯ ಲೋಹ ಶಾಖವನ್ನು ಬೇಗನೆ ಹೀರಿಕೊಂಡಾಗ, ಆ ಇಂಗಾಲಕ್ಕೆ ಮತ್ತೆ ಗ್ರಾಫೈಟಾಗಿ ಹೊರಬರಲು ಸಮಯ ಸಿಗುವುದಿಲ್ಲ. ಪರಿಣಾಮವಾಗಿ ಬೆಸುಗೆಯ ಅಂಚಿನಲ್ಲಿ ಕಾರ್ಬೈಡ್ ಮತ್ತು ಮಾರ್ಟೆನ್‌ಸೈಟ್ ಎಂಬ ಅತಿಗಟ್ಟಿ ರಚನೆಗಳ ತೆಳುಪಟ್ಟಿ ಉಂಟಾಗುತ್ತದೆ. ಅರ ಅದರ ಮೇಲೆ ಜಾರುತ್ತದೆ, ಡ್ರಿಲ್ಲಿನ ತುದಿ ಮೊಂಡಾಗುತ್ತದೆ.

ಇದೇ ವೇಳೆಗೆ ಬೆಸುಗೆಯ ಲೋಹ ತಣಿಯುತ್ತಾ ಕುಗ್ಗುತ್ತದೆ. ಒಂದು ಮೀಟರ್ ಉದ್ದದ ಬೀಡಿನ ಪಟ್ಟಿಯನ್ನು 600 ಡಿಗ್ರಿಯವರೆಗೆ ಕಾಯಿಸಿದರೆ ಅದು ಸುಮಾರು 6ರಿಂದ 8 ಮಿಲಿಮೀಟರಿನಷ್ಟು ಹಿಗ್ಗುತ್ತದೆ, ತಣಿದಾಗ ಅಷ್ಟೇ ಕುಗ್ಗಬೇಕು. ಸುತ್ತಲಿನ ಲೋಹ ತಣ್ಣಗಿದ್ದು ಅಲುಗದೆ ನಿಂತಿದ್ದರೆ ಈ ಕುಗ್ಗುವಿಕೆ ಎಳೆತವಾಗಿ ಮಾರ್ಪಡುತ್ತದೆ. ಉಕ್ಕಾಗಿದ್ದರೆ ಸ್ವಲ್ಪ ಹಿಗ್ಗಿ ಸುಧಾರಿಸಿಕೊಳ್ಳುತ್ತಿತ್ತು. ಬೀಡಿಗೆ ಆ ಅವಕಾಶವಿಲ್ಲ. ಅದು ಅತಿ ಪೆಡಸಾದ ಜಾಗದಲ್ಲಿ, ಅಂದರೆ ಆಗಷ್ಟೇ ಗಟ್ಟಿಯಾದ ಆ ತೆಳುಪಟ್ಟಿಯಲ್ಲಿ, ಸೀಳುತ್ತದೆ. ಸೀಳುವಾಗ ಕೇಳುವ ಸಣ್ಣ ‘ಟಿಣ್’ ಎಂಬ ಸದ್ದು ಬೆಸುಗೆಗಾರರೆಲ್ಲರಿಗೂ ಪರಿಚಿತ.

ಹೀಗಾಗಿ ಬೀಡಿನ ದುರಸ್ತಿಗೆ ಮೂರು ದಾರಿಗಳು ಉಳಿಯುತ್ತವೆ. ಇಡೀ ಭಾಗವನ್ನು ಕಾಯಿಸಿ ಎಲ್ಲವೂ ಒಟ್ಟಿಗೆ ನಿಧಾನವಾಗಿ ಕುಗ್ಗುವಂತೆ ಮಾಡುವುದು ಮೊದಲನೆಯದು. ಎಲ್ಲಿಯೂ ಹೆಚ್ಚು ಬಿಸಿಯಾಗದಂತೆ ತುಸುತುಸುವೇ ಬೆಸೆಯುವುದು ಎರಡನೆಯದು. ಮೂಲ ಲೋಹವನ್ನು ಕರಗಿಸದೆಯೇ ಹಿತ್ತಾಳೆಯಿಂದ ಅಂಟಿಸುವುದು ಮೂರನೆಯದು. ಇವುಗಳ ನಡುವಿನ ಅರೆಮನಸ್ಸಿನ ಕ್ರಮ, ಅಂದರೆ ಒಂದು ಜಾಗವನ್ನಷ್ಟೇ ಜೋರಾಗಿ ಕಾಯಿಸಿ ಉಳಿದುದನ್ನು ತಣ್ಣಗೆ ಬಿಡುವುದು, ಮೂರಕ್ಕಿಂತಲೂ ಕೆಟ್ಟದ್ದು.

ಲೋಹವನ್ನು ಗುರುತಿಸುವುದು

ಕೆಲಸ ಆರಂಭಿಸುವ ಮುನ್ನ ಭಾಗವು ಬೀಡೋ, ಎರಕದ ಉಕ್ಕೋ ಎಂಬುದನ್ನು ತಿಳಿಯಬೇಕು. ಹೊರನೋಟಕ್ಕೆ ಎರಡೂ ಒಂದೇ ಬಗೆ. ಉಳಿಯಿಂದ ಅಂಚನ್ನು ಕೆತ್ತಿದರೆ ಉಕ್ಕಿನ ಚೂರು ಸುರುಳಿಯಾಗಿ ಬರುತ್ತದೆ, ಬೂದು ಬೀಡಿನದು ಪುಡಿಪುಡಿಯಾಗಿ ಉದುರುತ್ತದೆ. ಹೊಸದಾಗಿ ಮುರಿದ ಬೂದು ಬೀಡಿನ ಮೈ ಮಾಸಲು ಬೂದು ಬಣ್ಣದ್ದಾಗಿದ್ದು ಬೆರಳಿಗೆ ಕಪ್ಪು ಮಸಿ ಹತ್ತಿಸುತ್ತದೆ. ಬಿಳಿ ಬೀಡಿನದು ಬೆಳ್ಳಿಯಂತೆ ಹೊಳೆಯುತ್ತದೆ. ಸಾಣೆಕಲ್ಲಿಗೆ ಒಡ್ಡಿದಾಗ ಉಕ್ಕಿನಿಂದ ಉದ್ದನೆಯ ಪ್ರಕಾಶಮಾನ ಕಿಡಿಗಳೂ, ಬೀಡಿನಿಂದ ಮೊಟಕಾದ ಕೆಂಪು ಕಿಡಿಗಳೂ ಹಾರುತ್ತವೆ.

ಒಲೆಯ ಜಾಲರಿ, ಎಂಜಿನ್ನಿನ ಹೊಗೆನಳಿಗೆ ಮುಂತಾಗಿ ವರ್ಷಗಟ್ಟಲೆ ಬೆಂಕಿಯಲ್ಲಿ ಬೆಂದ ಬೀಡಿನ ಸ್ಥಿತಿ ಬೇರೆಯದೇ. ಅದರ ಗ್ರಾಫೈಟ್ ಹಾಳೆಗಳ ಗುಂಟ ಆಮ್ಲಜನಕ ಒಳನುಗ್ಗಿ ಲೋಹ ಒಳಗಿನಿಂದಲೇ ತುಕ್ಕು ಹಿಡಿದಿರುತ್ತದೆ. ಅಂಥದ್ದಕ್ಕೆ ಕರಗಿದ ಲೋಹ ಅಂಟಿಕೊಳ್ಳದೆ ಗುಂಡಾಗಿ ಉರುಳಿಹೋಗುತ್ತದೆ.

ಪೂರ್ವಸಿದ್ಧತೆ

ಬೀಡಿನ ಬೆಸುಗೆಯಲ್ಲಿ ಬೆಸೆಯುವ ಸಮಯಕ್ಕಿಂತ ಸಿದ್ಧತೆಯ ಸಮಯವೇ ಹೆಚ್ಚು. ಮೊದಲಿಗೆ ಬಿರುಕು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದನ್ನು ಕಂಡುಕೊಳ್ಳಬೇಕು. ಕಣ್ಣಿಗೆ ಕಾಣುವುದಕ್ಕಿಂತ ಅದು ಸಾಮಾನ್ಯವಾಗಿ ಉದ್ದವಾಗಿರುತ್ತದೆ. ಜಾಗವನ್ನು ಶುಚಿಮಾಡಿ ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದರೆ, ಬಿರುಕಿನೊಳಗೆ ಇಳಿದ ಎಣ್ಣೆ ಮತ್ತೆ ಮೇಲೆ ಬಂದು ಸುಣ್ಣದಲ್ಲಿ ತೇವದ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಬಣ್ಣದ ದ್ರವದಿಂದ ಮಾಡುವ ಈಗಿನ ಪರೀಕ್ಷೆಯ ತತ್ತ್ವವೂ ಇದೇ.

ಬಿರುಕಿನ ಎರಡೂ ತುದಿಗಳಿಂದ ತುಸು ಆಚೆಗೆ 3ರಿಂದ 6 ಮಿಲಿಮೀಟರ್ ವ್ಯಾಸದ ರಂಧ್ರ ಕೊರೆಯಲಾಗುತ್ತದೆ. ಬಿರುಕಿನ ತುದಿ ಸೂಜಿಮೊನೆಯಷ್ಟು ಚೂಪಾಗಿದ್ದು ಎಳೆತವೆಲ್ಲ ಅಲ್ಲಿಯೇ ಒಟ್ಟುಗೂಡುತ್ತದೆ. ದುಂಡಗಿನ ರಂಧ್ರವು ಆ ಎಳೆತವನ್ನು ಹಂಚಿ ಬಿರುಕು ಮುಂದೆ ಓಡದಂತೆ ತಡೆಯುತ್ತದೆ. ಅನಂತರ ಬಿರುಕಿನ ಗುಂಟ ಸುಮಾರು 60ರಿಂದ 90 ಡಿಗ್ರಿ ಕೋನದ ಇಳಿಜಾರು ತೋಡು ತೆಗೆಯಬೇಕು. ಹಿತ್ತಾಳೆ ಬೆಸುಗೆಗಾದರೆ ಅಗಲವಾದ ತೋಡು ಒಳ್ಳೆಯದು, ಏಕೆಂದರೆ ಜೋಡಣೆಯ ಬಲವೆಲ್ಲ ಅಂಟಿಕೊಳ್ಳುವ ಮೇಲ್ಮೈಯ ವಿಸ್ತೀರ್ಣವನ್ನೇ ಅವಲಂಬಿಸಿದೆ.

ಎಣ್ಣೆ ಈ ಕೆಲಸದ ದೊಡ್ಡ ಶತ್ರು. ಎಂಜಿನ್ ಮತ್ತು ಗೇರು ಪೆಟ್ಟಿಗೆಗಳ ಬೀಡು ದಶಕಗಳ ಕಾಲ ಎಣ್ಣೆಯಲ್ಲಿ ನೆನೆದು ಅದನ್ನು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಮೇಲ್ಮೈ ಒರೆಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಉರಿ ತಾಗಿದೊಡನೆ ಆವಿಯಾಗಿ ಹೊರನುಗ್ಗಿ ಬೆಸುಗೆಯನ್ನು ಜರಡಿಯಂತಾಗಿಸುತ್ತದೆ. ಭಾಗವನ್ನು ಹೊಗೆ ನಿಲ್ಲುವವರೆಗೆ ಸುಮಾರು 400 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ ಎಣ್ಣೆಯನ್ನು ಸುಟ್ಟುಬಿಡುವುದು ರೂಢಿ. ತಣ್ಣನೆಯ ವಿಧಾನದಲ್ಲಿ ಮೊದಲ ಪದರ ಬೆಸೆದು, ಅದು ರಂಧ್ರಮಯವಾಗಿದ್ದರೆ ತೆಗೆದುಹಾಕಿ ಮತ್ತೆ ಬೆಸೆಯುತ್ತಾರೆ.

ಬಿಸಿ ಬೆಸುಗೆ

ಇಡೀ ಭಾಗವನ್ನು ಕುಲುಮೆಯಲ್ಲಿ ಅಥವಾ ಇಟ್ಟಿಗೆ ಕಟ್ಟಿ ಇದ್ದಿಲು ತುಂಬಿದ ಗೂಡಿನಲ್ಲಿ 500ರಿಂದ 650 ಡಿಗ್ರಿಯವರೆಗೆ ನಿಧಾನವಾಗಿ ಕಾಯಿಸಿ, ಆ ತಾಪದಲ್ಲೇ ಬೆಸೆಯುವುದು ಹಳೆಯ ಹಾಗೂ ಅತ್ಯಂತ ನಂಬಲರ್ಹ ಕ್ರಮ. ಕತ್ತಲಲ್ಲಿ ನೋಡಿದರೆ ಲೋಹ ಮಂದವಾದ ಕೆಂಪಿಗೆ ತಿರುಗಿರುತ್ತದೆ. ತಾಪ 760 ಡಿಗ್ರಿಯನ್ನು ಮೀರಬಾರದು. ಅದರಾಚೆಗೆ ಲೋಹದ ರಚನೆಯೇ ಬದಲಾಗತೊಡಗುತ್ತದೆ. ಆಕ್ಸಿ-ಅಸಿಟಿಲೀನ್ ಜ್ವಾಲೆ, ಸಿಲಿಕಾನ್ ಹೆಚ್ಚಾಗಿರುವ ಬೀಡಿನ ಕಡ್ಡಿ ಮತ್ತು ಸ್ರಾವಕ ಇವಿಷ್ಟು ಸಾಧನಗಳು. ಸಿಲಿಕಾನ್ ಇಂಗಾಲವನ್ನು ಗ್ರಾಫೈಟಾಗಿ ಹೊರಬರುವಂತೆ ಪ್ರೇರೇಪಿಸುವುದರಿಂದ ಬೆಸುಗೆ ಮೆತ್ತಗೆ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಬಣ್ಣ, ಗಡಸುತನ, ಹಿಗ್ಗುವ ಪ್ರಮಾಣ ಎಲ್ಲದರಲ್ಲೂ ಬೆಸುಗೆ ಮೂಲ ಲೋಹಕ್ಕೆ ಸರಿಹೊಂದುತ್ತದೆ.

ತಣಿಸುವ ಹಂತದಲ್ಲಿ ಅವಸರ ಕೂಡದು. ಭಾಗವನ್ನು ಒಣ ಮರಳು, ಬೂದಿ ಅಥವಾ ಸುಣ್ಣದ ಪುಡಿಯಲ್ಲಿ ಹೂತು, ಇಲ್ಲವೆ ಕುಲುಮೆಯಲ್ಲೇ ಮುಚ್ಚಿಟ್ಟು ತಣಿಯಲು ಬಿಡಲಾಗುತ್ತದೆ. ದಪ್ಪನಾದ ಎರಕಕ್ಕೆ ಒಂದು ದಿನಕ್ಕಿಂತಲೂ ಹೆಚ್ಚು ಬೇಕಾಗಬಹುದು. ಗಾಳಿ ಬೀಸುವ ಬಾಗಿಲ ಬಳಿ ಇಟ್ಟ ಎರಕ ಒಡೆಯುವುದು ಅಪರೂಪವಲ್ಲ.

ಕುಗ್ಗುವಿಕೆಯನ್ನು ಮುಂಚಿತವಾಗಿ ಲೆಕ್ಕಹಾಕುವ ಜಾಣ್ಮೆಗೆ ಅರೆಕಾಲು ಮುರಿದ ಚಕ್ರವೇ ಹಳೆಯ ಉದಾಹರಣೆ. ಚಕ್ರದ ಒಂದು ಅರೆಕಾಲು ಬಿರಿದಿದ್ದು ಅದನ್ನಷ್ಟೇ ಬೆಸೆದರೆ, ಅದು ತಣಿದು ಕುಗ್ಗುವಾಗ ಅತ್ತ ಗುಂಬವೂ ಇತ್ತ ಹೊರಬಳೆಯೂ ಬಿಗಿಯಾಗಿ ನಿಂತಿರುವುದರಿಂದ ಬೆಸುಗೆ ಮತ್ತೆ ಸೀಳುತ್ತದೆ, ಇಲ್ಲವೆ ಪಕ್ಕದ ಭಾಗ ಒಡೆಯುತ್ತದೆ. ಅದಕ್ಕಾಗಿ ಮೊದಲು ಆ ಅರೆಕಾಲಿನ ಎರಡೂ ಬದಿಯ ಹೊರಬಳೆಯನ್ನು ಕಾಯಿಸುತ್ತಾರೆ. ಬಳೆ ಹಿಗ್ಗಿ ಹೊರಸರಿದಂತೆ ಬಿರುಕು ತಾನಾಗಿ ಬಾಯಿ ತೆರೆಯುತ್ತದೆ. ಆಗ ಬೆಸೆದರೆ ಬಳೆ ಮತ್ತು ಅರೆಕಾಲು ಜೊತೆಜೊತೆಗೆ ಕುಗ್ಗಿ ತಮ್ಮ ಸ್ಥಾನಕ್ಕೆ ಮರಳುತ್ತವೆ. ಬಿರುಕನ್ನು ಮುಚ್ಚಲು ಬಿರುಕಿಲ್ಲದ ಜಾಗವನ್ನು ಕಾಯಿಸುವ ಈ ಉಪಾಯ ಎಂಜಿನ್ ಬ್ಲಾಕುಗಳಿಗೂ ಅನ್ವಯಿಸುತ್ತದೆ.

ತಣ್ಣನೆಯ ಬೆಸುಗೆ

ಲೇತಿನ ಹಾಸು, ದೊಡ್ಡ ಎಂಜಿನ್ನಿನ ಚೌಕಟ್ಟು ಮುಂತಾದವನ್ನು ಬಿಚ್ಚಿ ಕುಲುಮೆಗೆ ಒಯ್ಯುವುದು ಅಸಾಧ್ಯ. ಒಯ್ದರೂ ನಯವಾಗಿ ಕೊರೆದ ಮೇಲ್ಮೈಗಳು ಶಾಖಕ್ಕೆ ತಿರುಚಿಕೊಳ್ಳುತ್ತವೆ. ಇಲ್ಲಿ ನಿಕ್ಕಲ್ ತಿರುಳಿನ ಕಡ್ಡಿಗಳಿಂದ ವಿದ್ಯುತ್ ಚಾಪ ಬೆಸುಗೆ ಮಾಡಲಾಗುತ್ತದೆ. ನಿಕ್ಕಲ್ ಇಂಗಾಲದೊಡನೆ ಕೂಡಿ ಗಟ್ಟಿ ಕಾರ್ಬೈಡ್ ಆಗುವುದಿಲ್ಲ, ಮೆತ್ತಗಿದ್ದು ಎಳೆತಕ್ಕೆ ಸ್ವಲ್ಪ ಮಣಿಯುತ್ತದೆ. ಬಹುತೇಕ ಶುದ್ಧ ನಿಕ್ಕಲ್ಲಿನ ಕಡ್ಡಿಯಿಂದಾದ ಬೆಸುಗೆಯನ್ನು ಸುಲಭವಾಗಿ ಕೊರೆದು ನಯಗೊಳಿಸಬಹುದು. ಸುಮಾರು ಶೇ. 55 ನಿಕ್ಕಲ್ ಇದ್ದು ಉಳಿದುದು ಕಬ್ಬಿಣವಾಗಿರುವ ಕಡ್ಡಿ ಅಗ್ಗವೂ ಹೆಚ್ಚು ಬಲವುಳ್ಳದ್ದೂ ಆಗಿದ್ದು, ದಪ್ಪ ಎರಕಗಳಿಗೆ ಮತ್ತು ತನ್ಯ ಬೀಡಿಗೆ ಹೊಂದುತ್ತದೆ. ಉಕ್ಕಿನ ಕಡ್ಡಿ ಎಲ್ಲಕ್ಕಿಂತ ಅಗ್ಗ. ಆದರೆ ಬೀಡಿನ ಇಂಗಾಲವನ್ನು ಹೀರಿಕೊಂಡು ಗಡುಸಾಗುವುದರಿಂದ ಮುಂದೆ ಕೊರೆಯುವ ಅಗತ್ಯವಿಲ್ಲದ ಕಡೆ ಮಾತ್ರ ಸೂಕ್ತ.

ಒಂದು ಸಲಕ್ಕೆ ಸುಮಾರು 25 ಮಿಲಿಮೀಟರ್ ಉದ್ದದಷ್ಟೇ, ಕಡಿಮೆ ವಿದ್ಯುತ್ ಪ್ರವಾಹದಲ್ಲಿ, ಸಣ್ಣ ಕಡ್ಡಿಯಿಂದ ಬೆಸೆಯಬೇಕು. ಬೆಸುಗೆ ಇನ್ನೂ ಬಿಸಿಯಾಗಿರುವಾಗಲೇ ಗುಂಡುತಲೆಯ ಸುತ್ತಿಗೆಯಿಂದ ಅದರ ಮೇಲೆ ಹಗುರವಾಗಿ ಬಡಿಯಬೇಕು. ಕುಗ್ಗಲು ಹೊರಟ ಲೋಹವನ್ನು ಈ ಬಡಿತ ಹರಡಿ ಎಳೆತವನ್ನು ಸಡಿಲಿಸುತ್ತದೆ. ಬಳಿಕ ಆ ಜಾಗ ಬರಿಗೈಯಲ್ಲಿ ಮುಟ್ಟುವಷ್ಟು ತಣಿಯುವವರೆಗೆ ಕಾಯಬೇಕು. ಮುಂದಿನ ತುಣುಕನ್ನು ಅದರ ಪಕ್ಕದಲ್ಲೇ ಹಾಕದೆ ಬಿರುಕಿನ ಇನ್ನೊಂದೆಡೆ ಹಾಕುವುದು ಮೇಲು. ಅಂಗೈ ಉದ್ದದ ಬಿರುಕಿಗೆ ಹೀಗೆ ಅರ್ಧ ದಿನ ಹಿಡಿಯಬಹುದು. ತಣಿಸಲು ನೀರು ಹಾಕುವುದಾಗಲಿ ಗಾಳಿ ಊದುವುದಾಗಲಿ ಸಲ್ಲದು.

ಹಿತ್ತಾಳೆ ಬೆಸುಗೆ

ಈ ವಿಧಾನದಲ್ಲಿ ತಾಮ್ರ ಮತ್ತು ಸತುವಿನ ಮಿಶ್ರಲೋಹದ ಕಡ್ಡಿಯನ್ನು ಬಳಸಲಾಗುತ್ತದೆ. ಪೇಟೆಯಲ್ಲಿ ಅದಕ್ಕೆ ಕಂಚಿನ ಕಡ್ಡಿ ಎಂಬ ಹೆಸರಿದ್ದರೂ ಸಂಯೋಜನೆಯಲ್ಲಿ ಅದು ಹಿತ್ತಾಳೆಯೇ. ಇದು ಸುಮಾರು 870ರಿಂದ 900 ಡಿಗ್ರಿಯಲ್ಲಿ ಕರಗುತ್ತದೆ, ಅಂದರೆ ಬೀಡು ಕರಗುವುದಕ್ಕಿಂತ ಬಹಳ ಮೊದಲೇ. ಮೂಲ ಲೋಹ ಘನವಾಗಿಯೇ ಉಳಿದು ಕರಗಿದ ಹಿತ್ತಾಳೆ ಅದರ ಮೇಲೆ ಹರಡಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎರಡು ಭಾಗಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಕರಗಿದ ಲೋಹ ತಾನಾಗಿ ಏರಿಹೋಗುವುದು ನಿಜವಾದ ಬ್ರೇಜಿಂಗ್. ತೋಡನ್ನು ಪದರಪದರವಾಗಿ ತುಂಬುವುದು ಬ್ರೇಜ್ ಬೆಸುಗೆ. ಬೀಡಿನ ದುರಸ್ತಿಯಲ್ಲಿ ನಡೆಯುವುದು ಬಹುಮಟ್ಟಿಗೆ ಎರಡನೆಯದೇ, ಆದರೂ ಕಾರ್ಯಾಗಾರಗಳಲ್ಲಿ ಎರಡನ್ನೂ ಬ್ರೇಜಿಂಗ್ ಎಂದೇ ಕರೆಯುತ್ತಾರೆ.

ಅಂಟಿಕೊಳ್ಳುವ ಮೇಲ್ಮೈಯ ಗ್ರಾಫೈಟ್ ಇಲ್ಲಿನ ಮುಖ್ಯ ಅಡಚಣೆ. ಸಾಣೆಚಕ್ರದಿಂದ ಉಜ್ಜಿದರೆ ಗ್ರಾಫೈಟ್ ಪೆನ್ಸಿಲ್ಲಿನ ಗೆರೆಯಂತೆ ಲೋಹದ ಮೇಲೆಲ್ಲ ಸವರಿಕೊಂಡು ಹಿತ್ತಾಳೆ ಹಿಡಿಯದಂತೆ ಮಾಡುತ್ತದೆ. ಆದ್ದರಿಂದ ಕೊನೆಯ ಪದರವನ್ನು ಉಳಿ ಅಥವಾ ಅರದಿಂದ ತೆಗೆಯುವುದು ಒಳ್ಳೆಯದು. ಆಮ್ಲಜನಕ ತುಸು ಹೆಚ್ಚಿರುವ ಜ್ವಾಲೆಯಿಂದ ಮೇಲ್ಮೈಯನ್ನು ಸವರಿ ಗ್ರಾಫೈಟನ್ನು ಸುಡುವುದೂ ಉಂಟು. ಬಳಿಕ ಬಿಳಿಗಾರ ಆಧಾರಿತ ಸ್ರಾವಕ ಹಾಕಿ, ಮೊದಲು ತೋಡಿನ ಎರಡೂ ಮೈಗೆ ಹಿತ್ತಾಳೆಯ ತೆಳುಲೇಪ ಕೊಟ್ಟು, ಆಮೇಲೆ ತುಂಬಲಾಗುತ್ತದೆ. ತಾಪ ಕಡಿಮೆಯಾದರೆ ಹಿತ್ತಾಳೆ ಗುಂಡಾಗಿ ನಿಲ್ಲುತ್ತದೆ, ಹೆಚ್ಚಾದರೆ ಸತು ಕುದಿದು ಬಿಳಿಹೊಗೆ ಏಳುತ್ತದೆ.

ಹಿತ್ತಾಳೆ ಮಣಿಯುವ ಲೋಹವಾದ್ದರಿಂದ ಕುಗ್ಗುವಿಕೆಯ ಎಳೆತವನ್ನು ತಾನೇ ನುಂಗಿಕೊಳ್ಳುತ್ತದೆ. ಬಡಿಬೀಡಿಗಂತೂ ಇದೇ ತಕ್ಕ ವಿಧಾನ, ಏಕೆಂದರೆ ಅದನ್ನು ಕರಗಿಸಿದರೆ ಆ ಭಾಗ ಮತ್ತೆ ಬಿಳಿ ಬೀಡಾಗುತ್ತದೆ. ಕೊರತೆಗಳೂ ಇವೆ. ಹಳದಿ ಗೆರೆ ಎದ್ದು ಕಾಣುತ್ತದೆ. ಸುಮಾರು 250 ಡಿಗ್ರಿಗಿಂತ ಹೆಚ್ಚು ಕಾಯುವ ಕಡೆ ಬಲ ಕುಂದುತ್ತದೆ. ಒಮ್ಮೆ ಹಿತ್ತಾಳೆ ತಾಗಿದ ಜಾಗವನ್ನು ಮುಂದೆ ನಿಕ್ಕಲ್ ಅಥವಾ ಬೀಡಿನ ಕಡ್ಡಿಯಿಂದ ಬೆಸೆಯಬೇಕಾದರೆ ಹಿತ್ತಾಳೆಯನ್ನೆಲ್ಲ ಕೆತ್ತಿ ತೆಗೆಯದೆ ಗತ್ಯಂತರವಿಲ್ಲ.

1917ರ ಹಡಗುಗಳ ದುರಸ್ತಿ

ಬೀಡಿನ ಬೆಸುಗೆ ಸಾರ್ವಜನಿಕ ಗಮನ ಸೆಳೆದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. 1914ರಿಂದ ಹಲವು ಜರ್ಮನ್ ಪ್ರಯಾಣಿಕ ಹಡಗುಗಳು ಅಮೆರಿಕದ ಬಂದರುಗಳಲ್ಲಿ ತಂಗಿದ್ದವು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿದು ಅವುಗಳನ್ನು ವಶಪಡಿಸಿಕೊಂಡಾಗ, ಉಗಿ ಎಂಜಿನ್ನುಗಳ ಬೀಡಿನ ಸಿಲಿಂಡರುಗಳನ್ನು ಸಿಬ್ಬಂದಿ ಮೊದಲೇ ಒಡೆದುಹಾಕಿರುವುದು ಕಂಡುಬಂತು. ಹೊಸ ಸಿಲಿಂಡರುಗಳನ್ನು ಎರಕಹೊಯ್ದು ಕೂರಿಸಲು ಬಹುಕಾಲ ಬೇಕಾಗುತ್ತಿತ್ತು. ಸೈನಿಕರನ್ನು ಯೂರೋಪಿಗೆ ಸಾಗಿಸಲು ಹಡಗುಗಳ ಅಗತ್ಯವೋ ತುರ್ತಿನದಾಗಿತ್ತು. ನೌಕಾಪಡೆಯ ಎಂಜಿನಿಯರರು ವಿದ್ಯುತ್ ಬೆಸುಗೆಯನ್ನು ಆರಿಸಿಕೊಂಡರು. ಒಡೆದ ಬೀಡಿನ ಅಂಚುಗಳಲ್ಲಿ ಉಕ್ಕಿನ ತಿರುಪುಕಡ್ಡಿಗಳನ್ನು ಕೂರಿಸಿ, ಅವುಗಳಿಗೆ ಬೆಸುಗೆಯ ಲೋಹ ಹಿಡಿಯುವಂತೆ ಮಾಡಿ, ತೇಪೆಗಳನ್ನು ಸೇರಿಸಲಾಯಿತು. ಕೆಲವೇ ತಿಂಗಳಲ್ಲಿ ಹಡಗುಗಳು ಸಮುದ್ರಕ್ಕಿಳಿದವು. ‘ಫ್ರೀಡ್ರಿಖ್ ಡೆರ್ ಗ್ರೋಸ್ಸೆ’ಯು ‘ಹ್ಯೂರಾನ್’ ಎಂದೂ ‘ಗ್ರೋಸರ್ ಕುರ್‌ಫ್ಯುರ್ಸ್ಟ್’ ‘ಈಯೋಲಸ್’ ಎಂದೂ ಹೆಸರು ಬದಲಿಸಿಕೊಂಡು ಅಮೆರಿಕದ ಸೈನಿಕರನ್ನು ಫ್ರಾನ್ಸಿಗೆ ಒಯ್ದವು. ಅಲ್ಲಿಯವರೆಗೆ ವಿದ್ಯುತ್ ಬೆಸುಗೆಯನ್ನು ಸಂಶಯದಿಂದ ನೋಡುತ್ತಿದ್ದವರ ಅಭಿಪ್ರಾಯ ಬದಲಾಗಲು ಈ ಕೆಲಸವೂ ಕಾರಣವಾಯಿತು. ತಿರುಪುಕಡ್ಡಿ ಕೂರಿಸಿ ಬೆಸೆಯುವ ಕ್ರಮ ದಪ್ಪ ಎರಕಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಬೆಸೆಯಬಾರದ ಸಂದರ್ಭಗಳು ಮತ್ತು ಸುರಕ್ಷತೆ

ವೇಗವಾಗಿ ತಿರುಗುವ ಗತಿಚಕ್ರದ ಹೊರಬಳೆ, ವಾಹನದ ಸ್ಟಿಯರಿಂಗ್ ಮತ್ತು ಬ್ರೇಕಿನ ಭಾಗಗಳು, ಉಗಿ ಅಥವಾ ಗಾಳಿಯ ಒತ್ತಡ ಹಿಡಿಯುವ ಪಾತ್ರೆಗಳು ಬಿರುಕುಬಿಟ್ಟರೆ ಬದಲಾಯಿಸುವುದೇ ಸರಿ. ಬೀಡು ಬಾಗಿ ಮುನ್ಸೂಚನೆ ಕೊಡುವ ಲೋಹವಲ್ಲ. ಬೆಸುಗೆ ಸೋತರೆ ಚೂರುಗಳು ಗುಂಡಿನಂತೆ ಸಿಡಿಯುತ್ತವೆ. ಶಾಖವೇ ಸಲ್ಲದ ಕಡೆ ಬಿರುಕಿಗೆ ಅಡ್ಡಲಾಗಿ ಲೋಹದ ಕೀಲಿಗಳನ್ನೂ ಅದರ ಗುಂಟ ತಿರುಪುಗಳನ್ನೂ ಕೂರಿಸುವ ಲೋಹದ ಹೊಲಿಗೆ ಎಂಬ ವಿಧಾನವಿದೆ. ಎಂಜಿನ್ ಬ್ಲಾಕುಗಳಿಗೆ ಅದು ಬೆಸುಗೆಗಿಂತ ಎಷ್ಟೋ ಬಾರಿ ಮೇಲು.

ಸತುವಿನ ಹೊಗೆ ಸೇವಿಸಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿ, ಜ್ವರ, ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಇದಕ್ಕೆ ಲೋಹಧೂಮ ಜ್ವರ ಎಂಬ ಹೆಸರಿದೆ. ನಿಕ್ಕಲ್ ಸಂಯುಕ್ತಗಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಯಲ್ಲಿವೆ. ಆದ್ದರಿಂದ ಗಾಳಿಯಾಡುವ ಜಾಗ ಮತ್ತು ತಕ್ಕ ಮುಖಗವಸು ಅಗತ್ಯ. ಎಂಜಿನ್ನಿನ ನೀರಿನ ಅಂಗಿಯಂಥ ಪೊಳ್ಳುಗಳನ್ನು ಮುಚ್ಚಿದ ಸ್ಥಿತಿಯಲ್ಲಿ ಕಾಯಿಸಿದರೆ ಒಳಗಿನ ತೇವ ಉಗಿಯಾಗಿ ಸ್ಫೋಟಿಸಬಹುದು. ಎಲ್ಲ ಬಿರಡೆಗಳನ್ನು ಮೊದಲೇ ಬಿಚ್ಚಬೇಕು.

ಕರ್ನಾಟಕದಲ್ಲಿ

ಭದ್ರಾವತಿಯಲ್ಲಿ 1918ರಲ್ಲಿ ಸ್ಥಾಪನೆಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರಿಂದ ಇದ್ದಿಲು ಬಳಸಿ ಬೀಡು ಉತ್ಪಾದಿಸತೊಡಗಿತು. ಬೆಳಗಾವಿ ಇಂದು ಎರಕದ ಉದ್ಯಮಗಳಿಗೆ ಹೆಸರಾದ ನಗರ. ಕೈಗಾರಿಕಾ ತರಬೇತಿ ಸಂಸ್ಥೆಗಳ ಬೆಸುಗೆಗಾರರ ಪಠ್ಯದಲ್ಲಿ ಬೀಡಿನ ಬೆಸುಗೆಯೂ ಸೇರಿದೆ. ನೀರಾವರಿ ಪಂಪಿನ ಕವಚ, ಹಳೆಯ ಡೀಸೆಲ್ ಎಂಜಿನ್, ಕಬ್ಬಿನ ಗಾಣದ ಚೌಕಟ್ಟು ಇವು ಹಳ್ಳಿಗಾಡಿನಲ್ಲಿ ಇಂಥ ದುರಸ್ತಿಗೆ ಬರಬಹುದಾದ ಭಾಗಗಳು. ಹಂಗಾಮಿನ ನಡುವೆ ಗಾಣ ನಿಂತರೆ ಕಡಿದ ಕಬ್ಬು ಒಣಗುವುದರಿಂದ, ಹೊಸ ಎರಕಕ್ಕೆ ಕಾಯುವ ಬದಲು ಬೆಸುಗೆಯ ಮೊರೆಹೋಗುವುದು ಸಹಜ.

ಬಿರುಕುಬಿಟ್ಟ ಬೀಡಿನ ದೋಸೆ ಕಾವಲಿಯನ್ನು ಬೆಸೆಯುವುದು ಮಾತ್ರ ಸೂಕ್ತವಲ್ಲ. ಕಡ್ಡಿಯ ನಿಕ್ಕಲ್, ಸ್ರಾವಕದ ಉಳಿಕೆ, ಕೆಲವು ಬೆಳ್ಳಿ ಬೆಸುಗೆ ಕಡ್ಡಿಗಳಲ್ಲಿರುವ ಕ್ಯಾಡ್ಮಿಯಮ್ ಆಹಾರಕ್ಕೆ ಸೇರುವ ಸಾಧ್ಯತೆಯಿದೆ. ಅಲ್ಲದೆ ದಿನವೂ ಒಲೆಯ ಮೇಲೆ ಕಾದು, ತಣ್ಣನೆಯ ಹಿಟ್ಟು ಬಿದ್ದು ತಣಿಯುವ ತೆಳ್ಳನೆಯ ಕಾವಲಿಯಲ್ಲಿ ಬೆಸುಗೆ ಬಹುಕಾಲ ನಿಲ್ಲುವುದೂ ಇಲ್ಲ.